ತೂತು ದೊಡ್ಡದು, ರೇಟು ಇನ್ನೂ ದೊಡ್ಡದು

ಉಡುಪಿ ರಥಬೀದಿಯ ಹೋಟೆಲಿನಲ್ಲಿ ಗೋಳಿಬಜೆ ಬಂದದ್ದೇ ತಡ, ರೋನಿ ಚೀಲದಿಂದ ಏಳಿಂಚಿನ ರೆಕಾರ್ಡು ತೆಗೆದ. ನೆದರ್ಲೆಂಡ್ಸಿನಲ್ಲಿ ಕೆಲಸ, ರಜೆಗೆ ಊರಿಗೆ ಬಂದವ. ಅಲ್ಲಿ ಉಟ್ರೆಕ್ಟಿನ ರೆಕಾರ್ಡ್ ಮೇಳ ಅಂದ್ರೆ ಅವನಿಗೆ ಪರ್ಯಾಯೋತ್ಸವ ಇದ್ದ ಹಾಗೆ.

"ಎಂಥ ಮಾರಾಯ, ನಡುವಿನಲ್ಲಿ ಇಷ್ಟು ದೊಡ್ಡ ತೂತು?" ಶೆಣೈ ಮಾಮ್ ಕೈ ಚಾಚಿದ್ರು.

"ಮಾಮ್, ಎಣ್ಣೆ ಕೈ! ಅಂಚು ಮಾತ್ರ ಮುಟ್ಬೇಕು. ಇದು ಫಾರ್ಟಿಫೈವ್, ನಿಮಿಷಕ್ಕೆ 45 ಸುತ್ತು ತಿರುಗುವಂಥದ್ದು. 1949ರಲ್ಲಿ ಅಮೆರಿಕದ ಆರ್‌ಸಿಎ ವಿಕ್ಟರ್ ರೆಕಾರ್ಡ್ ಕಂಪನಿಯವರು ತಂದದ್ದು. ತೂತು ಒಂದೂವರೆ ಇಂಚು."

"ನಮ್ಮಲ್ಲೂ ನಾಯಿ ಮಾರ್ಕಿನ ಪ್ಲೇಟು ಇತ್ತು," ಅಂದ್ರು ಭಟ್ರು. "ಅರಗಿನದ್ದು. ಬಿದ್ರೆ ಚೂರು."

"ಇದು ಒಡೆಯುದಿಲ್ಲ ಭಟ್ರೇ, ಬಿಸಿಲಿಗಿಟ್ರೆ ಸೊಟ್ಟ ಆಗ್ತದೆ. ನಮ್ಮೂರ ಮಳೆಗಾಲದಲ್ಲಿ ಕವರಿಗೆ ಬೂಸ್ರು ಬೇರೆ."

ರೋನಿ ಮೊಬೈಲಿನ ಟಾರ್ಚ್ ಹಾಕಿ, ರೆಕಾರ್ಡನ್ನು ಓರೆ ಮಾಡಿ ಹಿಡಿದ. ಹಾಡಿನ ಗೆರೆ ಮುಗಿದು ಲೇಬಲ್ಲು ಶುರುವಾಗುವ ನಡುವಿನ ನುಣುಪು ಜಾಗದಲ್ಲಿ ಇರುವೆ ಗಾತ್ರದ ನಂಬರು ಕೆತ್ತಿತ್ತು. ಮೊದಲ ಸಲ ಅಚ್ಚು ಒತ್ತಿದ್ದೋ, ಆಮೇಲೆ ಒತ್ತಿದ್ದೋ ಅಂತ ಪತ್ತೆ ಮಾಡುದು ಅದರಿಂದವಂತೆ.

"ಹಾಡು ಹೇಗುಂಟು?"

"ಕೇಳ್ಲಿಲ್ಲ ಇನ್ನೂ."

ಮಾಮ್ ನನ್ನ ಮುಖ ನೋಡಿದ್ರು. ನಾನು ಚಟ್ನಿ ನೋಡಿದೆ.

"ಹಿಟ್ ಆದ ಹಾಡಿಗೆ ಮೇಳದಲ್ಲಿ ಬೆಲೆ ಇಲ್ಲ ಮಾಮ್, ರಾಶಿ ರಾಶಿ ಒತ್ತಿರ್ತಾರೆ. ತೋಪಾದದ್ದು, ಕಂಪನಿಯೇ ವಾಪಸ್ ತಗೊಂಡದ್ದು, ಅದಕ್ಕೆ ರೇಟು. 1977ರಲ್ಲಿ ಲಂಡನ್ನಿನಲ್ಲಿ ಎ ಅಂಡ್ ಎಂ ರೆಕಾರ್ಡ್ ಕಂಪನಿ ಸೆಕ್ಸ್ ಪಿಸ್ಟಲ್ಸ್ ಅಂತ ಒಂದು ಪಂಕ್ ಬ್ಯಾಂಡಿನ ಜೊತೆ ಕರಾರು ಮಾಡಿ, ವಾರದೊಳಗೆ ಕೈಬಿಟ್ಟಿತು. ಒತ್ತಿದ್ದ ಸಿಂಗಲ್ಲುಗಳನ್ನು, ಅಂದ್ರೆ ಇಂಥದ್ದೇ ಸಣ್ಣ ರೆಕಾರ್ಡುಗಳನ್ನು, ಹೆಚ್ಚುಕಮ್ಮಿ ಪೂರಾ ನಾಶ ಮಾಡಿದ್ರು. ಉಳಿದ ನಾಲ್ಕಾರಕ್ಕೆ ಈಗ ಸಾವಿರಗಟ್ಟಲೆ ಪೌಂಡು!"

ಭಟ್ರ ಕಣ್ಣು ಹೊಳೆಯಿತು. "ಹಾಗಾದ್ರೆ ನನ್ನ ಕವನ ಸಂಕಲನಕ್ಕೂ ಕಾಲ ಬರ್ತದೆ. ಒಂದೂ ಮಾರಾಟ ಆಗ್ಲಿಲ್ಲ."

"ಎಲ್ಲಿ ಉಂಟು?"

"ಅಟ್ಟದಲ್ಲಿ. ಐನೂರೂ."

"ಅದು ಅಪರೂಪ ಅಲ್ಲ ಭಟ್ರೇ, ಸ್ಟಾಕು," ಅಂದ ರೋನಿ.

ಶೆಣೈ ಮಾಮ್ ಬೆರಳು ಒರೆಸಿಕೊಂಡು, "ನಾಲ್ಕಿಟ್ಟು ಬಾಕಿ ಸುಡಿ. ಬೆಂಕಿಪೊಟ್ಟಣ ನಂದು," ಅಂದ್ರು.

"ಸುಟ್ರೆ ಸಾಲ್ದು ಮಾಮ್. ಬೇಕೇ ಬೇಕು ಅಂತ ಜಗಳಾಡುವ ಹುಚ್ಚರು ಇಬ್ಬರಾದ್ರೂ ಬೇಕು. ಒಬ್ಬನೇ ಇದ್ರೆ ರೇಟು ಏರುದಿಲ್ಲ."

ಭಟ್ರು ಮಾತಾಡದೆ ಬಿಲ್ಲನ್ನು ಶೆಣೈ ಮಾಮಿನ ಕಡೆ ಸರಿಸಿದರು.