ಶೀಟಿನ ಮಾಡಿನಡಿ ಬೀಡಿ ಕಟ್ಟುವವರಿಗೆ ಮಧ್ಯಾಹ್ನದ ವಿರಾಮವಿದೆಯೇ?

ಪ್ರಶ್ನೆ (ಕಾಸರಗೋಡಿನ ಪೈವಳಿಕೆಯಿಂದ):
ಮಾನ್ಯರೇ, ನನ್ನ ಅಮ್ಮ ಬಹುಕಾಲದಿಂದ ಮನೆಯಲ್ಲೇ ಬೀಡಿ ಕಟ್ಟುತ್ತಿದ್ದಾರೆ. ನಮ್ಮದು ಶೀಟಿನ ಮಾಡು (ಛಾವಣಿ); ಹೊಗೆಸೊಪ್ಪಿನ ಪುಡಿ ಹಾರಿ ಎಲೆ ಒಣಗುತ್ತದೆಂದು ಅವರು ಫ್ಯಾನ್ ಹಾಕಲು ಬಿಡುವುದಿಲ್ಲ. ಮಾರ್ಚ್ ಬಂತೆಂದರೆ ಮಧ್ಯಾಹ್ನ ತಲೆಸುತ್ತು, ಕಾಲಿನ ಸೆಳೆತ, ಉರಿಮೂತ್ರ. ರಕ್ತದೊತ್ತಡಕ್ಕೆ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಹನ್ನೆರಡರಿಂದ ಮೂರು ಗಂಟೆಯವರೆಗೆ ವಿರಾಮ ನೀಡಬೇಕೆಂಬ ಕೇರಳ ಕಾರ್ಮಿಕ ಇಲಾಖೆಯ ಆದೇಶ ಇಂಥವರಿಗೂ ಅನ್ವಯಿಸುತ್ತದೆಯೇ? ಬಿಸಿಗಾಳಿಯ ಎಚ್ಚರಿಕೆಯೇ ಇಲ್ಲದ ದಿನವೂ ಇಷ್ಟು ಬಳಲಿಕೆ ಏಕೆ?

ಉತ್ತರ 1 (ಬದಿಯಡ್ಕ, ಆರೋಗ್ಯ ಇಲಾಖೆಯ ನಿವೃತ್ತ ನೌಕರ):
ಎರಡನೆಯ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ. ಕರಾವಳಿಯಲ್ಲಿ ಬಿಸಿಗಾಳಿ ಎಂದು ಘೋಷಿಸಲು ಉಷ್ಣಾಂಶ 37 ಡಿಗ್ರಿಯನ್ನಾದರೂ ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಏರಿರಬೇಕು. ಆದರೆ ದೇಹ ತಣಿಯುವುದು ಬೆವರು ಆವಿಯಾದಾಗ. ಗಾಳಿಯಲ್ಲಿ ತೇವಾಂಶ ತುಂಬಿರುವ ನಮ್ಮ ಊರುಗಳಲ್ಲಿ ಬೆವರು ಮೈಮೇಲೆಯೇ ಉಳಿಯುವುದರಿಂದ 35 ಡಿಗ್ರಿಯೂ ಭಾರವಾಗುತ್ತದೆ, ಕಾದ ಶೀಟಿನ ಕೆಳಗಂತೂ ಹೊರಗಿಗಿಂತ ಹೆಚ್ಚೇ ಸೆಕೆಯಿರುತ್ತದೆ. ಕುಚ್ಚಲಕ್ಕಿ ಗಂಜಿಯ ತಿಳಿ, ಮಜ್ಜಿಗೆ, ನೀರು ಇವುಗಳನ್ನು ಬಾಯಾರುವವರೆಗೆ ಕಾಯದೆ ಆಗಾಗ ಕುಡಿಯಲಿ. ರಕ್ತದೊತ್ತಡ ಇರುವುದರಿಂದ ಉಪ್ಪು ಎಷ್ಟು ಹಾಕಬೇಕೆಂದು ವೈದ್ಯರನ್ನು ಕೇಳಿ. ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ದೇಹದ ನೀರನ್ನು ಕಡಿಮೆ ಮಾಡುತ್ತವೆ. ಅದನ್ನೂ ವಿಚಾರಿಸಿ, ಆದರೆ ನೀವಾಗಿ ನಿಲ್ಲಿಸಬೇಡಿ. ಉರಿಮೂತ್ರಕ್ಕೆ ಪರೀಕ್ಷೆ ಮಾಡಿಸಿ. ಮಾತು ತೊದಲಿದರೆ, ಮೈ ಸುಡುತ್ತಿದ್ದು ಗೊಂದಲ ಕಂಡರೆ ಒಡನೆ ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ.

ಉತ್ತರ 2 (ಉಪ್ಪಳ, ಬೀಡಿ ಕಾರ್ಮಿಕ ಸಂಘಟನೆಯಲ್ಲಿದ್ದವರು):
ಆ ಆದೇಶ ನೇರ ಬಿಸಿಲಿನಲ್ಲಿ ದುಡಿಯುವವರಿಗಾಗಿ ಇರುವಂಥದ್ದು. ಮನೆಯೊಳಗೆ ತಡ್ಪೆ (ಮೊರ) ಹಿಡಿದು ಕುಳಿತವರು ಅದರಲ್ಲಿ ಸೇರುವುದಿಲ್ಲ. ಸೇರಿಸಿದರೂ ಏನು ಪ್ರಯೋಜನ ಎಂಬುದು ನನ್ನ ಅನುಮಾನ. ಕೂಲಿ ಸಿಗುವುದು ಸಾವಿರ ಬೀಡಿಯ ಲೆಕ್ಕದಲ್ಲಿ, ಗಂಟೆಯ ಲೆಕ್ಕದಲ್ಲಲ್ಲ. ಮೂರು ಗಂಟೆ ಎದ್ದು ಹೋದರೆ ಅಷ್ಟು ಕೂಲಿ ಕಡಿತವಾಗುತ್ತದೆ, ಎಲೆ ಒಣಗಿ ಸೀಳಿದರೆ ಕಟ್ಟಿದ್ದನ್ನು ಒಪ್ಪಿಸುವ ಬ್ರಾಂಚಿನಲ್ಲಿ ಬೀಡಿ ತೆಗೆದುಹಾಕುತ್ತಾರೆ. ನೆನೆಸಿದ ಎಲೆಗೆ ಒದ್ದೆ ಗೋಣಿ ಸುತ್ತುವ ನಮ್ಮ ಹೆಂಗಸರು ತಮ್ಮ ಕುತ್ತಿಗೆಗೊಂದು ಒದ್ದೆ ಬಟ್ಟೆ ಹಾಕಿಕೊಳ್ಳುವುದಿಲ್ಲ. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದೇ ಗಣಿಸಿತ್ತು. ಹಾಗಿರುವಾಗ ಸೆಕೆಗಾಲದಲ್ಲಿ ಕಳೆದುಕೊಂಡ ಕೂಲಿಗೆ ಪರಿಹಾರ ಕೇಳುವುದು ಹೆಚ್ಚಿನ ಬೇಡಿಕೆಯಲ್ಲ. ತಾರಸಿ ಮನೆಯವರೂ ಶೀಟಿನ ಮನೆಯವರೂ ಒಂದೇ ಸೆಕೆಯಲ್ಲಿದ್ದಾರೆಂದು ಹೇಳುವವರು ಈ ಲೆಕ್ಕ ನೋಡಿಲ್ಲ.

ಉತ್ತರ 3 (ಎಣ್ಮಕಜೆ):
ಸದ್ಯಕ್ಕೆ ಮಾಡಿನ ಮೇಲೆ ತೆಂಗಿನ ಮಡಲನ್ನೋ ಅಡಿಕೆ ಸೋಗೆಯನ್ನೋ ದಪ್ಪನಾಗಿ ಹಾಸಿ, ಒಲೆಯ ಹೊಗೆಗಂಡಿಯಿಂದ ದೂರವಿಡಿ, ಮಳೆಗಾಲಕ್ಕೆ ಮುಂಚೆ ತೆಗೆಯಿರಿ. ಬಿಳಿ ಸುಣ್ಣ ಬಳಿದರೂ ಶೀಟು ಕಡಿಮೆ ಕಾಯುತ್ತದೆ. 2010ರ ಭೀಕರ ಸೆಕೆಯ ಬಳಿಕ 2013ರಲ್ಲಿ ಅಹಮದಾಬಾದ್ ನಗರ ಬಿಸಿಗಾಳಿ ಎದುರಿಸುವ ಯೋಜನೆ ರೂಪಿಸಿತು. ಮುಂದೆ ಬಡವರ ಮನೆಗಳ ಮಾಡಿಗೆ ಬಿಳಿ ಬಳಿಯುವ ಕೆಲಸವೂ ಅಲ್ಲಿ ನಡೆಯಿತು. ಅದನ್ನೇ ಇಲ್ಲಿನ ಪಂಚಾಯತಿನಿಂದ ಕೇಳಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡದಲ್ಲೇ ಅರ್ಜಿ ಕೊಡುವ ಹಕ್ಕು ನಮಗಿದೆ. ನೆರೆಯ ಬೀಡಿ ಮನೆಗಳವರ ಸಹಿಯನ್ನೂ ಪಡೆದು ಬರುವ ಗ್ರಾಮಸಭೆಗೆ ಒಟ್ಟಾಗಿ ಸಲ್ಲಿಸಿ. ಕರಡು ಬೇಕಿದ್ದರೆ ಇಲ್ಲೇ ಬರೆದು ಹಾಕುತ್ತೇನೆ.