ಅಪ್ಪ ಅಮ್ಮನಿಗೆ ಮೂರೇ ಮೂರು ರಾತ್ರಿ ದೊಡ್ಡ ಹೋಟೆಲ್: ಸಿಂಗಪುರವೋ, ಬ್ಯಾಂಕಾಕೋ, ಹಾಂಗ್‌ಕಾಂಗೋ?

ಕಿಟಕಿ ಸೀಟು:

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮನ ಮದುವೆಯಾಗಿ ಈ ಸಲಕ್ಕೆ 40 ವರ್ಷ. ಇಬ್ಬರನ್ನೂ ಎಂಟು ರಾತ್ರಿಯ ಪ್ರವಾಸಕ್ಕೆ ಕರೆದುಕೊಂಡು ಹೊರಟಿದ್ದೇನೆ. ಸಿಂಗಪುರ ಮೂರು, ಬ್ಯಾಂಕಾಕ್ ಮೂರು, ಹಾಂಗ್‌ಕಾಂಗ್ ಎರಡು. ಟಿಕೆಟ್ ಆಗಿದೆ, ಹೋಟೆಲ್ ಬಾಕಿ.

ಎಂಟರಲ್ಲಿ ಮೂರು ರಾತ್ರಿಗೆ ಮಾತ್ರ ಕೈಬಿಚ್ಚಿ ಖರ್ಚು ಮಾಡಬಹುದು. ಉಳಿದ ಐದು ರಾತ್ರಿಗೆ ಚೊಕ್ಕವಾಗಿರುವ ಸಾಧಾರಣ ಹೋಟೆಲ್ ಸಾಕು. ನನ್ನ ಲೆಕ್ಕ, ಒಂದೊಂದು ಊರಲ್ಲಿ ಒಂದೊಂದು ದೊಡ್ಡ ರಾತ್ರಿ. ತಂಗಿ ಹೇಳುವುದು, ಸಿಂಗಪುರದ ಆ ಮೂರು ಗೋಪುರದ ಹೋಟೆಲ್‌ನಲ್ಲೇ ಮೂರೂ ರಾತ್ರಿ, ಫೋಟೋ ಚೆನ್ನಾಗಿ ಬರುತ್ತದೆ ಅಂತ.

ಅಪ್ಪನಿಗೆ ಮಂಡಿ ನೋವು, ಅರ್ಧ ಗಂಟೆ ನಡೆದರೆ ಕೂರಲು ಜಾಗ ಹುಡುಕುತ್ತಾರೆ. ಏನು ಕೊಟ್ಟರೂ ತಿನ್ನುತ್ತಾರೆ, ಟೀ ಮಾತ್ರ ಹೊತ್ತಿಗೆ ಸರಿಯಾಗಿ ಬೇಕು. ಅಮ್ಮ ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ಇಬ್ಬರಿಗೂ ಈಜು ಬರುವುದಿಲ್ಲ. ಒಂದು ದಿನವಾದರೂ ಒಳ್ಳೆಯ ಜಾಗದಲ್ಲಿ ಕೂರಿಸಿ ಊಟ ಮಾಡಿಸಬೇಕು ಅಂತ ಆಸೆ. ಹೋಗಿ ಬಂದವರು ಹೇಳಿ ಪ್ಲೀಸ್. ಟಾಪ್ ಟೆನ್ ಪಟ್ಟಿಗಳನ್ನು ಓದಿ ಓದಿ ತಲೆ ಕೆಟ್ಟಿದೆ.

ಹಳೇ ಸೂಟ್‌ಕೇಸ್:

ಮೊದಲು ಆ ಒಂದೊಂದು ರಾತ್ರಿಯ ಯೋಚನೆ ಬಿಟ್ಟುಬಿಡಿ. ದೊಡ್ಡ ಹೋಟೆಲ್‌ಗಳಲ್ಲಿ ಮಧ್ಯಾಹ್ನ ಮೂರಕ್ಕೆ ರೂಮು ಕೊಡುತ್ತಾರೆ, ಮರುದಿನ ಹನ್ನೊಂದು ಹನ್ನೆರಡಕ್ಕೆ ಖಾಲಿ ಮಾಡಿ ಅನ್ನುತ್ತಾರೆ. ಅದರಲ್ಲಿ ನಿದ್ದೆ ಎಂಟು ಗಂಟೆ, ಪೆಟ್ಟಿಗೆ ಬಿಚ್ಚಿ ಕಟ್ಟುವುದಕ್ಕೆ ಒಂದು ಗಂಟೆ. ಉಳಿದದ್ದು ಏನು? ನಿಮ್ಮ ಅಪ್ಪ ಕುರ್ಚಿಯಲ್ಲಿ ಸರಿಯಾಗಿ ಕೂರುವ ಹೊತ್ತಿಗೆ ಎದ್ದೇಳಿ ಅನ್ನಬೇಕಾಗುತ್ತದೆ.

ನನ್ನ ಮಾತು ಕೇಳುವುದಾದರೆ ಮೂರೂ ರಾತ್ರಿ ಬ್ಯಾಂಕಾಕ್‌ನಲ್ಲಿ ಸುರಿಯಿರಿ, ಅದೂ ಚಾವೊ ಫ್ರಾಯಾ ನದಿ ದಂಡೆಯಲ್ಲಿ. ಸಿಂಗಪುರ, ಹಾಂಗ್‌ಕಾಂಗ್‌ನಲ್ಲಿ ಒಂದು ಸಣ್ಣ ರೂಮಿಗೆ ಕೊಡುವ ದುಡ್ಡಿಗೆ ಇಲ್ಲಿ ನದಿ ಕಾಣುವ ದೊಡ್ಡ ರೂಮು ಸಿಗುತ್ತದೆ. ಮ್ಯಾಂಡರಿನ್ ಓರಿಯೆಂಟಲ್ 1876ರಿಂದ ಇರುವ ಹೋಟೆಲ್, ಊರಿನವರು ಇವತ್ತಿಗೂ ಬರೀ ಓರಿಯೆಂಟಲ್ ಅಂತಲೇ ಕರೆಯುತ್ತಾರೆ. ಅದು ದುಬಾರಿ ಅನ್ನಿಸಿದರೆ ಎದುರು ದಂಡೆಯ ಪೆನಿನ್ಸುಲಾ ನೋಡಿ. ಆ ಕಟ್ಟಡವನ್ನು ಡಬ್ಲ್ಯು ಅಕ್ಷರದ ಹಾಗೆ ಮಡಚಿ ಕಟ್ಟಿದ್ದಾರೆ, ಹಾಗಾಗಿ ಯಾವ ರೂಮು ಸಿಕ್ಕಿದರೂ ನದಿ ಕಾಣುತ್ತದೆ. ಬೇರೆ ಕಡೆ 'ರಿವರ್ ವ್ಯೂ' ಅಂತ ಜಾಸ್ತಿ ದುಡ್ಡು ತೆಗೆದುಕೊಂಡು, ಕುತ್ತಿಗೆ ಹೊರಳಿಸಿದರೆ ಕಾಣುವ ಒಂದು ಗೇಣು ನೀರು ತೋರಿಸುವುದೂ ಉಂಟು.

ನದಿ ಯಾಕೆ ಅಂದರೆ, ಬ್ಯಾಂಕಾಕ್ ಟ್ರಾಫಿಕ್‌ನಲ್ಲಿ ಟ್ಯಾಕ್ಸಿ ಹತ್ತಿದರೆ ಮುಗಿಯಿತು. ಈ ಹೋಟೆಲ್‌ಗಳಿಗೆ ಅವುಗಳದೇ ಮರದ ದೋಣಿಗಳಿವೆ. ಸಫಾನ್ ಟಾಕ್ಸಿನ್ ಮೆಟ್ರೋ ನಿಲ್ದಾಣದ ಕೆಳಗಿನ ಜೆಟ್ಟಿಗೂ ಹೋಟೆಲ್‌ಗೂ ಓಡಾಡುತ್ತಿರುತ್ತವೆ, ಉಳಿದುಕೊಂಡವರಿಗೆ ಟಿಕೆಟ್ ಇಲ್ಲ. ನಮ್ಮ ಮಾವ ಮೊದಲ ದಿನ ಸಂಜೆ ಸುಮ್ನೆ ಆ ದಡಕ್ಕೆ ಹೋಗಿ ಈ ದಡಕ್ಕೆ ಬಂದರು, ಮತ್ತೆ ಹೋದರು, ಮತ್ತೆ ಬಂದರು. ನಾಲ್ಕನೇ ಸಲ ದೋಣಿಯ ಹುಡುಗ ಏನೂ ಕೇಳದೆ ಅವರಿಗೆ ಮುಂದಿನ ಸೀಟು ಬಿಟ್ಟುಕೊಟ್ಟ. ಮೂರು ದಿನದಲ್ಲಿ ಅವರು ನೋಡಿದ್ದು ಒಂದೇ ದೇವಸ್ಥಾನ, ಆದರೆ ಇಂದಿಗೂ ಮಾತು ಬಂದರೆ ಆ ದೋಣಿಯದೇ ಕಥೆ.

ಲೆಕ್ಕದ ಪುಸ್ತಕ:

ಊರು ಯಾವುದಾದರೂ ಆಗಲಿ, ಬೆಲೆಯ ಪಕ್ಕದಲ್ಲಿ ಎರಡು ಪ್ಲಸ್ ಗುರುತು ಇದೆಯಾ ಅಂತ ನೋಡಿಕೊಳ್ಳಿ. ಸಿಂಗಪುರದಲ್ಲಿ ರೂಮು, ಊಟ ಎರಡಕ್ಕೂ ಹಾಗೆ ಬರೆದಿರುತ್ತಾರೆ. ಒಂದು ಪ್ಲಸ್ ಅಂದರೆ 10% ಸರ್ವಿಸ್ ಚಾರ್ಜ್, ಇನ್ನೊಂದು 9% ಜಿಎಸ್‌ಟಿ, ಅದೂ ಸರ್ವಿಸ್ ಚಾರ್ಜ್ ಸೇರಿಸಿದ ಮೊತ್ತದ ಮೇಲೆ. 500 ಡಾಲರ್ ಅಂದುಕೊಂಡ ರೂಮು 599.50 ಆಗುತ್ತದೆ. ಬ್ಯಾಂಕಾಕ್‌ನಲ್ಲಿ 10% ಸರ್ವಿಸ್, ಅದರ ಮೇಲೆ 7% ವ್ಯಾಟ್, ಅಂದರೆ 10,000 ಬಾತ್ ಇದ್ದದ್ದು 11,770. ಹಾಂಗ್‌ಕಾಂಗ್‌ನಲ್ಲಿ ಜಿಎಸ್‌ಟಿ ಥರದ್ದು ಇಲ್ಲ, ಆದರೆ 10% ಸರ್ವಿಸ್ ಇದೆ, ಜೊತೆಗೆ 2025ರ ಜನವರಿಯಿಂದ ರೂಮು ಬಾಡಿಗೆಗೆ 3% ತೆರಿಗೆ ಮತ್ತೆ ಶುರುವಾಗಿದೆ. ಹಾಗಾಗಿ ಹೋಲಿಕೆ ಮಾಡುವಾಗ ಕಡೆಯ ಪುಟದ ಮೊತ್ತವನ್ನೇ ನೋಡಿ.

ಇನ್ನೊಂದು, ಚೆಕ್-ಇನ್‌ಗೆ ಡೆಬಿಟ್ ಕಾರ್ಡ್ ಕೊಡಬೇಡಿ. ಮುಂಗಡ ಅಂತ ದಿನಕ್ಕಿಷ್ಟು ಹಣ ತಡೆ ಹಿಡಿಯುತ್ತಾರೆ. ಒಂದು ದೊಡ್ಡ ಹೋಟೆಲ್ ಹಾಗೆ ಹಿಡಿದ ನನ್ನ ಹಣ ಬಿಡುಗಡೆಯಾಗಿದ್ದು ನಾನು ಮನೆಗೆ ಬಂದು ಮೂರು ವಾರದ ಮೇಲೆ. ಅಷ್ಟರಲ್ಲಿ ಎರಡು ಸಲ ಫೋನು, ನಾಲ್ಕು ಮೇಲ್. ಕ್ರೆಡಿಟ್ ಕಾರ್ಡ್ ಆದರೆ ಲಿಮಿಟ್ ಮಾತ್ರ ಕಡಿಮೆಯಾಗುತ್ತದೆ, ಕೈಯಲ್ಲಿರುವ ಕಾಸು ಸಿಕ್ಕಿಹಾಕಿಕೊಳ್ಳುವುದಿಲ್ಲ.

ಮಳೆಗಾಲದ ಛತ್ರಿ:

ಬ್ಯಾಂಕಾಕ್ ಬಗ್ಗೆ ಜಗಳವಿಲ್ಲ. ಆದರೆ ಸಿಂಗಪುರದಲ್ಲಿ ರೂಮು ತೆಗೆದುಕೊಳ್ಳದೆಯೂ ಮಜಾ ಮಾಡಬಹುದು ಅನ್ನುವುದನ್ನು ಯಾರೂ ಹೇಳಲಿಲ್ಲವಲ್ಲ!

ನಿಮ್ಮ ತಂಗಿ ಹೇಳುತ್ತಿರುವ ಮರೀನಾ ಬೇ ಸ್ಯಾಂಡ್ಸ್ 2010ರಲ್ಲಿ ತೆರೆದದ್ದು. ಅಲ್ಲಿನ ವಿಶೇಷವೇ 57ನೇ ಮಹಡಿಯ ಈಜುಕೊಳ, ಅದಕ್ಕೆ ಉಳಿದುಕೊಂಡವರಿಗೆ ಮಾತ್ರ ಪ್ರವೇಶ. ಈಜು ಬಾರದ ಇಬ್ಬರನ್ನು ಆ ನೀರಿಗಾಗಿ ಅಷ್ಟು ದುಡ್ಡು ಕೊಟ್ಟು ಉಳಿಸುವುದು ಯಾವ ಸುಖಕ್ಕೆ? 1,800ಕ್ಕೂ ಹೆಚ್ಚು ರೂಮಿನ ಹೋಟೆಲ್ ಅದು, ಕೆಳಗಿನ ಲಾಬಿ ವಿಮಾನ ನಿಲ್ದಾಣದ ಹಾಗಿರುತ್ತದೆ. ಮೇಲಿಂದ ಊರು ನೋಡಬೇಕೆಂದರೆ ಅದೇ ಎತ್ತರದ ವೀಕ್ಷಣಾ ಡೆಕ್‌ಗೆ ಟಿಕೆಟ್ ಕೊಂಡು ಹೋಗಿ. ಅಷ್ಟಕ್ಕೂ ಆ ಹೋಟೆಲ್ ಚೆನ್ನಾಗಿ ಕಾಣುವುದು ಎದುರು ದಡದಿಂದ, ಒಳಗಿದ್ದವರಿಗೆ ಅದು ಕಾಣುವುದೇ ಇಲ್ಲವಲ್ಲ. ಎದುರಿಗೆ ಫುಲ್ಲರ್ಟನ್ ಇದೆ, ಕಂಬಗಳ ಸಾಲಿನ ಹಳೇ ಕಟ್ಟಡ, 1928ರದ್ದು, ಮೊದಲು ಅಲ್ಲಿ ದೊಡ್ಡ ಅಂಚೆ ಕಚೇರಿ ಇತ್ತು. ನಮ್ಮಪ್ಪ ಅಂಚೆ ಇಲಾಖೆಯವರು, ಅದು ಗೊತ್ತಾದ ಮೇಲೆ ಲಾಬಿ ಬಿಟ್ಟು ಹೊರಡಲು ಒಪ್ಪಲೇ ಇಲ್ಲ.

ರಾಫೆಲ್ಸ್‌ಗೆ ಮಾತ್ರ ಖಂಡಿತ ಹೋಗಿ, ಉಳಿಯಲು ಅಲ್ಲ, ತಿನ್ನಲು. 1887ರ ಹೋಟೆಲ್. ಅಲ್ಲಿನ ಲಾಂಗ್ ಬಾರ್‌ನಲ್ಲಿ ಮೇಜಿನ ಮೇಲೆ ಗೋಣಿಚೀಲದಲ್ಲಿ ಕಡಲೆಕಾಯಿ ಇಟ್ಟಿರುತ್ತಾರೆ. ಸುಲಿದು ತಿಂದು ಸಿಪ್ಪೆಯನ್ನು ನೆಲಕ್ಕೆ ಎಸೆಯುವುದೇ ಅಲ್ಲಿನ ಪದ್ಧತಿ. ಕಸ ಹಾಕಿದರೆ ದಂಡ ಹಾಕುವ ಊರಲ್ಲಿ! ಕಾಲಿಟ್ಟಲ್ಲೆಲ್ಲ ಚರಚರ ಅನ್ನುತ್ತದೆ. ಅಪ್ಪ ಐದು ನಿಮಿಷದಲ್ಲಿ ಹೊಂದಿಕೊಂಡು ಧಾರಾಳವಾಗಿ ಎಸೆಯತೊಡಗಿದರು. ಅಮ್ಮ ಮಾತ್ರ ತನ್ನ ಸಿಪ್ಪೆಗಳನ್ನೆಲ್ಲ ಟಿಶ್ಯೂ ಕಾಗದದಲ್ಲಿ ಕಟ್ಟಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡರು, ಹೊರಗೆ ಬಂದ ಮೇಲೆ ಕಸದ ಬುಟ್ಟಿ ಹುಡುಕಿದರು. ಸಿಂಗಪುರ್ ಸ್ಲಿಂಗ್ ಅನ್ನುವ ಪಾನೀಯ ಹುಟ್ಟಿದ ಜಾಗ ಅದು, ಮದ್ಯವಿಲ್ಲದ್ದನ್ನೂ ಮಾಡಿಕೊಡುತ್ತಾರೆ. ಅದೇ ಹೋಟೆಲ್‌ನ ಟಿಫಿನ್ ರೂಮ್‌ನಲ್ಲಿ ಉತ್ತರ ಭಾರತದ ಊಟ, ನಿಮ್ಮ ಅಮ್ಮನ ದೊಡ್ಡ ಊಟ ಅಲ್ಲಿ ಆಗಬಹುದು. ಈರುಳ್ಳಿ ಬೆಳ್ಳುಳ್ಳಿ ಬೇಡ ಅಂದರೆ ಯಾಕೆ, ಏನು ಅಂತ ಆ ಅಡುಗೆಮನೆಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೆಲ್ಲಗೆ ನಡೆಯಿರಿ:

ಹಾಂಗ್‌ಕಾಂಗ್ ಪೆನಿನ್ಸುಲಾದ ಲಾಬಿಯಲ್ಲಿ ಮಧ್ಯಾಹ್ನದ ಟೀ ಕುಡಿಸಿ. 1928ರಿಂದ ಇರುವ ಹೋಟೆಲ್, ಬೆಳ್ಳಿಯ ಕೆಟಲ್, ಮೂರಂತಸ್ತಿನ ತಟ್ಟೆ, ಮೇಲೆ ಬಾಲ್ಕನಿಯಲ್ಲಿ ಪಿಟೀಲು ನುಡಿಸುತ್ತಿರುತ್ತಾರೆ. ರೂಮಿನ ಬಾಡಿಗೆ ನೆನೆಸಿಕೊಂಡರೆ ಟೀ ಏನೂ ಅಲ್ಲ. ನಾವು ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆವು, ಮಂಡಿ ನೋವಿದ್ದರೆ ನೀವು ಸಾಲಿನಲ್ಲಿ ನಿಂತು ಅಪ್ಪನನ್ನು ಪಕ್ಕದಲ್ಲಿ ಕೂರಿಸಿ. ಆಮೇಲೆ ಹತ್ತೇ ನಿಮಿಷ ನಡೆದರೆ ಸ್ಟಾರ್ ಫೆರಿ ದೋಣಿ, ಐದಾರು ಹಾಂಗ್‌ಕಾಂಗ್ ಡಾಲರ್‌ಗೆ ಆಚೆ ದಡ. ಇಡೀ ಹಾಂಗ್‌ಕಾಂಗ್‌ನಲ್ಲಿ ಅದಕ್ಕಿಂತ ಒಳ್ಳೆಯ ನೋಟ ದುಡ್ಡು ಕೊಟ್ಟರೂ ಸಿಗುವುದಿಲ್ಲ ಅಂತ ನನ್ನ ವಾದ.

ಸೊಪ್ಪು ಸದೆ:

ಸ್ವಲ್ಪ ತಡೆಯಿರಿ. ಅಮ್ಮ ಮೊಟ್ಟೆ ತಿನ್ನುವುದಿಲ್ಲ ಅಂದಿದ್ದಾರೆ. ಆ ಮೂರಂತಸ್ತಿನ ತಟ್ಟೆಯಲ್ಲಿ ಕೇಕ್, ಟಾರ್ಟ್, ಸ್ಯಾಂಡ್‌ವಿಚ್‌ನ ಮೇಯೋ ಎಲ್ಲದರಲ್ಲೂ ಮೊಟ್ಟೆ, ಸ್ಕೋನ್ ಮೇಲಿನ ಹೊಳಪಿಗೂ ಸಾಮಾನ್ಯವಾಗಿ ಅದನ್ನೇ ಹಚ್ಚುತ್ತಾರೆ. ಅಪ್ಪ ತಿನ್ನುತ್ತಿರುವಾಗ ಅಮ್ಮ ಸಕ್ಕರೆ ಚೂರು ನೋಡುತ್ತಾ ಕೂರಬೇಕು. ಮೊದಲೇ ಮೇಲ್ ಹಾಕಿ ಮೊಟ್ಟೆಯಿಲ್ಲದ್ದು ಮಾಡಿಕೊಡುತ್ತೀರಾ ಅಂತ ಕೇಳಿ. ಬರಹದಲ್ಲಿ ಉತ್ತರ ಬಂದರೆ ಮಾತ್ರ ಹೋಗಿ.

ನನ್ನ ಅನುಭವದಲ್ಲಿ ದೊಡ್ಡ ಹೋಟೆಲ್‌ಗಳಲ್ಲಿ 'ವೆಜಿಟೇರಿಯನ್' ಅನ್ನುವ ಪದ ಕೆಲಸಕ್ಕೆ ಬರುವುದಿಲ್ಲ. ಒಂದು ಕಡೆ, ಹೆಸರು ಬೇಡ, ಸೊಪ್ಪಿನ ಪಲ್ಯ ತಂದಿಟ್ಟರು. ಮೇಲೆ ಕಪ್ಪಗೆ ಮಂದವಾಗಿ ಏನೋ ಹೊಳೆಯುತ್ತಿತ್ತು. ಅತ್ತೆ ಎರಡು ತುತ್ತು ತಿಂದ ಮೇಲೆ ಕೇಳಿದರೆ ಆಯ್ಸ್ಟರ್ ಸಾಸ್. ಸಿಂಪಿ! 'ಆದರೆ ಮಾಂಸ ಇಲ್ಲ ಮೇಡಂ' ಅಂದ ಆ ಹುಡುಗ, ಪಾಪ ಅವನ ಪ್ರಕಾರ ಸರಿಯೇ. ಅತ್ತೆ ಆಮೇಲೆ ಎರಡು ದಿನ ಬಾಳೆಹಣ್ಣು, ಬ್ರೆಡ್ಡಿನ ಮೇಲೇ ಇದ್ದರು.

ಬ್ಯಾಂಕಾಕ್‌ನಲ್ಲಿ 'ಜೇ' ಅನ್ನಿ. ಒಂದೇ ಅಕ್ಷರದ ಮಾತು, ಅದರಲ್ಲಿ ಎಲ್ಲ ಬಂತು: ಮಾಂಸ, ಮೀನಿನ ಸಾಸ್, ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಾಲೂ ಇರುವುದಿಲ್ಲ, ಟೀ ಬೇರೆ ಕೇಳಬೇಕು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅಲ್ಲಿ ಜೇ ಊಟ ಅಂತ ಅರ್ಥ. ದೊಡ್ಡ ಹೋಟೆಲ್‌ನ ಥಾಯ್ ಅಡುಗೆಯವರಿಗೂ ಇದು ಮನೆಮಾತು. ಎರಡು ದಿನ ಮೊದಲು ಹೇಳಿಟ್ಟರೆ ಅಮ್ಮನಿಗೆ ಬೇರೆಯಾಗಿಯೇ ಮಾಡುತ್ತಾರೆ, ದೊಡ್ಡ ಹೋಟೆಲ್‌ಗೆ ದೊಡ್ಡ ದುಡ್ಡು ಕೊಡುವುದು ನನ್ನ ಪ್ರಕಾರ ಇದಕ್ಕೇ, ಹಾಸಿಗೆಗೆ ಅಲ್ಲ.

ಹಾಂಗ್‌ಕಾಂಗ್‌ನಲ್ಲಿ ಡೈಮಂಡ್ ಹಿಲ್ ಮೆಟ್ರೋ ಹತ್ತಿರ ನಾನ್ ಲಿಯಾನ್ ಅನ್ನುವ ತೋಟವಿದೆ, ಚಿ ಲಿನ್ ಸನ್ಯಾಸಿನಿಯರ ಮಠದ ಎದುರು. ಅದರೊಳಗೆ ಜಲಪಾತದ ಹಿಂದೆ ಮಠದವರದೇ ಸಸ್ಯಾಹಾರಿ ಊಟದ ಮನೆ. ಕಿಟಕಿಯ ಆಚೆ ನೀರು ಪರದೆಯ ಹಾಗೆ ಇಳಿಯುತ್ತಿರುತ್ತದೆ. ಅಣಬೆ, ತಾವರೆ ಬೇರು, ತೋಫು. ಪಂಚತಾರಾ ಅಲ್ಲ, ಬೆಲೆಯೂ ಹಾಗಿಲ್ಲ, ಆದರೆ ಅಮ್ಮನಿಗೆ ಮೆನು ಓದಿ ಹೇಳುವ ಕೆಲಸ ಅಲ್ಲಿ ತಪ್ಪುತ್ತದೆ.

ಕಿಟಕಿ ಸೀಟು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಯ್ಸ್ಟರ್ ಸಾಸ್ ಕಥೆ ಅಮ್ಮನಿಗೆ ಹೇಳಿಲ್ಲ, ಹೇಳಿದರೆ ಪ್ರವಾಸವೇ ಬೇಡ ಅಂದಾರು.

ಮೂರೂ ರಾತ್ರಿ ಬ್ಯಾಂಕಾಕ್ ನದಿ ದಂಡೆ ಅಂತ ತೀರ್ಮಾನ ಮಾಡಿದೆ. ಸಿಂಗಪುರದಲ್ಲಿ ರಾಫೆಲ್ಸ್ ಊಟ, ಕಡಲೆಕಾಯಿ. ಹಾಂಗ್‌ಕಾಂಗ್‌ನಲ್ಲಿ ಮಠದ ಊಟ, ಟೀ ಬಗ್ಗೆ ಮೇಲ್ ಹಾಕಿದ್ದೇನೆ. ತಂಗಿ ಸಿಟ್ಟಾಗಿದ್ದಾಳೆ, ಡೆಕ್‌ನ ಟಿಕೆಟ್ ಅವಳ ಖರ್ಚಲ್ಲಿ ಅಂತೆ. ಎರಡು ಸಣ್ಣ ಪ್ರಶ್ನೆ. ದೋಣಿ ಹತ್ತುವಾಗ ಮಂಡಿಗೆ ಕಷ್ಟವಾ? ಮತ್ತೆ ಅಪ್ಪ ಎಲ್ಲ ಕಡೆ ಚಪ್ಪಲಿಯಲ್ಲೇ ಬರುವವರು, ಒಳಗೆ ಬಿಡುತ್ತಾರಾ?

ಹಳೇ ಸೂಟ್‌ಕೇಸ್:

ದೋಣಿ ಜೆಟ್ಟಿಗೆ ತಾಗಿಕೊಂಡೇ ನಿಲ್ಲುತ್ತದೆ, ಅಲೆ ಬಂದಾಗ ಅರ್ಧ ಅಡಿ ಮೇಲೆ ಕೆಳಗೆ ಆಗುತ್ತದೆ ಅಷ್ಟೇ. ಇಬ್ಬರು ಹುಡುಗರು ಕೈ ಹಿಡಿಯುತ್ತಾರೆ. ಅವಸರ ಮಾಡದೆ, ದೋಣಿ ಪೂರ್ತಿ ನಿಂತ ಮೇಲೆ ಹತ್ತಲಿ.

ಚಪ್ಪಲಿ ವಿಷಯ ಮಾತ್ರ ಗಂಭೀರ. ಹಗಲು ಹೊತ್ತು ತಿಂಡಿಗೆ, ನದಿ ಪಕ್ಕ ಕೂರುವುದಕ್ಕೆ ಯಾರೂ ಏನೂ ಅನ್ನಲಿಕ್ಕಿಲ್ಲ. ಸಂಜೆ ಆದ ಮೇಲೆ ಈ ದರ್ಜೆಯ ಹೋಟೆಲ್‌ಗಳ ರೆಸ್ಟೊರೆಂಟ್‌ಗಳಲ್ಲಿ ಗಂಡಸರಿಗೆ ಉದ್ದ ಪ್ಯಾಂಟು, ಮುಚ್ಚಿದ ಷೂ ಕೇಳುತ್ತಾರೆ, ಚಡ್ಡಿ ಚಪ್ಪಲಿಗೆ ಬಾಗಿಲಲ್ಲೇ ನಗುನಗುತ್ತಾ ಇಲ್ಲ ಅನ್ನುತ್ತಾರೆ. ಎತ್ತರದ ಕಟ್ಟಡಗಳ ಮೇಲಿನ ಬಾರ್‌ಗಳಲ್ಲೂ ಅದೇ. ಈಗಲೇ ಒಂದು ಜೊತೆ ಮೆತ್ತನೆಯ ಷೂ ತೆಗೆದುಕೊಡಿ, ಹದಿನೈದು ದಿನ ಮನೆಯಲ್ಲೇ ಹಾಕಿಕೊಂಡು ಓಡಾಡಲಿ. ಹೊಸ ಷೂ ಹಾಕಿಕೊಂಡು ವಿಮಾನ ಹತ್ತಿದರೆ ಮಂಡಿಗಿಂತ ಹಿಮ್ಮಡಿ ಜಾಸ್ತಿ ನೋಯುತ್ತದೆ.

ಬುಕ್ ಮಾಡುವಾಗ 40ನೇ ವಾರ್ಷಿಕೋತ್ಸವ ಅಂತ ಒಂದು ಸಾಲು ಬರೆಯಿರಿ, ಜೊತೆಗೆ 'ಕೇಕ್ ಬೇಡ, ಹಣ್ಣು ಇಡಿ' ಅಂತಲೂ. ಬರೆಯದಿದ್ದರೆ ಖಂಡಿತ ಮೊಟ್ಟೆ ಕೇಕ್ ಬರುತ್ತದೆ.

ಕಿಟಕಿ ಸೀಟು:

ಬುಕ್ ಆಯಿತು! ಎದುರು ದಂಡೆಯದ್ದು, ಡಬ್ಲ್ಯು ಆಕಾರದ್ದು. ಹಣ್ಣಿನ ಸಾಲೂ ಬರೆದೆ. ಅಪ್ಪನಿಗೆ ಫೋಟೋ ತೋರಿಸಿದರೆ ನದಿ ನೋಡಲಿಲ್ಲ, ಹಾಸಿಗೆ ನೋಡಲಿಲ್ಲ. ರೂಮಲ್ಲಿ ಬಿಸಿನೀರಿನ ಕೆಟಲ್ ಇರುತ್ತದಾ ಅಂತ ಕೇಳಿದರು.

ಲೆಕ್ಕದ ಪುಸ್ತಕ:

ಇರುತ್ತದೆ. ಅದಕ್ಕೆ ಪ್ಲಸ್ ಪ್ಲಸ್ ಇಲ್ಲ ಅಂತಲೂ ಹೇಳಿ.