ಅಪ್‌ಡೇಟ್: 8 ಥ್ರೆಡ್ ಹಾಕಿದರೂ ಪ್ರೋಗ್ರಾಂ ಆಮೆ ಆಗಿದ್ದು ಯಾಕೆ ಅಂತ ಗೊತ್ತಾಯ್ತು

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ಎಂಎಸ್ಸಿ ಪ್ರಾಜೆಕ್ಟಿಗೆ 2ಡಿ ಐಸಿಂಗ್ ಮಾಡೆಲ್‌ನ ಮಾಂಟೆ ಕಾರ್ಲೊ ಕೋಡ್ ಅನ್ನು ಸಿ ಭಾಷೆಯಲ್ಲಿ ಬರೆದಿದ್ದೆ. ಐಸಿಂಗ್ ಅಂದರೆ ಅಯಸ್ಕಾಂತದ ಸರಳ ಮಾದರಿ: ಗ್ರಿಡ್‌ನ ಪ್ರತಿ ಮನೆಯಲ್ಲೂ ಮೇಲೆ ಅಥವಾ ಕೆಳಗೆ ತೋರುವ ಒಂದು ಸ್ಪಿನ್, ಅದು ತಿರುಗಬೇಕೋ ಬೇಡವೋ ಅನ್ನೋದು ನಾಲ್ಕು ನೆರೆಯವುಗಳ ಮೇಲೆ ನಿಂತಿದೆ. ಮಾಂಟೆ ಕಾರ್ಲೊ ಅಂದರೆ ಯಾದೃಚ್ಛಿಕ ಸಂಖ್ಯೆ ಬಳಸಿ ಲೆಕ್ಕ ಹಾಕುವ ವಿಧಾನ. ಕೆಲಸವನ್ನು ಒಟ್ಟಿಗೆ ಓಡುವ ಥ್ರೆಡ್‌ಗಳಿಗೆ ಹಂಚುವ ಓಪನ್‌ಎಂಪಿಯಲ್ಲಿ 8 ಥ್ರೆಡ್ ಹಾಕಿದರೆ ಒಂದೇ ಥ್ರೆಡ್‌ಗಿಂತ ನಿಧಾನ ಓಡುತ್ತಿತ್ತು.

ಕಳ್ಳ ಸಿಕ್ಕಿದ. ನಿಮ್ಮಲ್ಲಿ ಒಬ್ಬರು ಹೇಳಿದ ಹಾಗೆ ಅದು ಯಾದೃಚ್ಛಿಕ ಸಂಖ್ಯೆ ಕೊಡುವ ರ್‍ಯಾಂಡ್ ಫಂಕ್ಷನ್. ಲಿನಕ್ಸ್‌ನಲ್ಲಿ ಅದರೊಳಗೆ ಒಂದು ಬೀಗ ಇದೆ. ಒಂದು ಥ್ರೆಡ್ ಸಂಖ್ಯೆ ತೆಗೆದುಕೊಳ್ಳುವಾಗ ಉಳಿದ ಏಳೂ ರೇಷನ್ ಅಂಗಡಿ ಮುಂದಿನ ಕ್ಯೂ ಥರ ಕಾಯುತ್ತವೆ. ಪ್ರತಿ ಥ್ರೆಡ್‌ಗೂ ಬೇರೆ ಜನರೇಟರ್, ಬೇರೆ ಸೀಡ್ (ಸಂಖ್ಯೆಗಳ ಸಾಲನ್ನು ಶುರು ಮಾಡುವ ಅಂಕಿ) ಕೊಟ್ಟೆ. 52 ಸೆಕೆಂಡ್ ಹಿಡಿಯುತ್ತಿದ್ದದ್ದು 9ಕ್ಕೆ ಇಳಿಯಿತು!

ಖುಷಿ ಜಾಸ್ತಿ ಹೊತ್ತು ಇರಲಿಲ್ಲ. ಹಿಂದಿನ ಸಲದ ಅದೇ ಸೀಡ್‌ಗಳು, ಅದೇ ತಾಪಮಾನ, ಆದರೂ ಓಡಿಸಿದ ಪ್ರತಿ ಸಲ ಬೇರೆ ಉತ್ತರ. ಒಂದು ಥ್ರೆಡ್ ಸ್ಪಿನ್ ತಿರುಗಿಸುವಾಗಲೇ ಪಕ್ಕದ ಥ್ರೆಡ್ ಅದನ್ನೇ ಓದುತ್ತಿತ್ತು. ನಿಧಾನ ಆದರೆ ಕಣ್ಣಿಗೆ ಕಾಣುತ್ತದೆ, ಇಂಥ ತಪ್ಪು ಕಾಣುವುದಿಲ್ಲ ಅಲ್ವಾ! ಚೆಸ್ ಬೋರ್ಡ್ ಉಪಾಯ ಕೈ ಹಿಡಿಯಿತು: ಮೊದಲು ಕಪ್ಪು ಮನೆಗಳನ್ನೆಲ್ಲ ಅಪ್‌ಡೇಟ್ ಮಾಡೋದು, ಆಮೇಲೆ ಬಿಳಿ. ಕಪ್ಪು ಮನೆಯ ನಾಲ್ಕೂ ನೆರೆ ಬಿಳಿಯೇ, ಹಾಗಾಗಿ ಜಗಳವೇ ಇಲ್ಲ. ಒಂದು ಷರತ್ತು, ಗ್ರಿಡ್‌ನ ಒಂದು ಅಂಚು ಸುತ್ತಿಕೊಂಡು ಎದುರಿನ ಅಂಚಿಗೆ ಸೇರಿದ್ದರೆ ಅದರ ಅಳತೆ ಸಮಸಂಖ್ಯೆ ಇರಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಒಂದೇ ಬಣ್ಣದ ಮನೆಗಳು ನೆರೆಯಾಗುತ್ತವೆ. ನಾನು ಸುಮ್ನೆ 101 ಇಟ್ಟು ಅರ್ಧ ದಿನ ಹಾಳು ಮಾಡಿಕೊಂಡೆ.

ಈಗ ಕ್ರಿಟಿಕಲ್ ತಾಪಮಾನ (ಅಯಸ್ಕಾಂತತ್ವ ಮಾಯವಾಗುವ ತಾಪಮಾನ) ಮಾಡೆಲ್‌ನ ಸ್ವಂತ ಅಳತೆಯಲ್ಲಿ 2.27ರ ಹತ್ತಿರ ಬರುತ್ತಿದೆ. ವಿಜ್ಞಾನಿ ಲಾರ್ಸ್ ಆನ್‌ಸಾಗರ್ 1944ರಲ್ಲಿ ಪೆನ್ನು ಕಾಗದದಲ್ಲೇ ತೆಗೆದ ಉತ್ತರ 2.269. ಗೈಡ್ ಗ್ರಾಫ್ ನೋಡಿ, "ಸರಿ, ಎರರ್ ಬಾರ್ ಎಲ್ಲಿ?" ಅಂದರು, ಅಂದರೆ ಉತ್ತರ ಎಷ್ಟು ಆಚೀಚೆ ಆಗಬಹುದು ಅಂತ ತೋರಿಸುವ ಗೆರೆ. ಈ ವಾರ ಅದೇ ಕೆಲಸ.